ಮುಖ ನೋಡುವ ಪ್ರಾಣಿ

ಗುಹೆಯ ನಕ್ಷೆ ಬರೆಯಲು ಹೋಗಿದ್ದ ಸರ್ವೆಯರ್ ಹಿಂದಿರುಗಿರಲಿಲ್ಲ. ಮಳೆಗೆ ಸೇತುವೆ ಕೊಚ್ಚಿಹೋಗಿ ರಕ್ಷಣಾ ತಂಡ ಹೊಳೆಯಾಚೆಯೇ ಸಿಕ್ಕಿಕೊಂಡಿತ್ತು. ಕೊನೆಗೆ ಪಶುವೈದ್ಯೆಯಾಗಿದ್ದ ಅವನ ಹೆಂಡತಿ ತಾನೇ ಹೊರಟಳು. ಜೊತೆಗೆ ಲಾರಿ ಮೆಕ್ಯಾನಿಕ್ ಆಗಿದ್ದ ತಮ್ಮ, ಒಂದು ಹಾರೆ, ಮನೆಯ ನಾಯಿ ಬೂದ. ಗುಹೆಯೊಳಗೆ ನೀರು ತುಂಬುವ ಮೊದಲು ಅವನನ್ನು ಹೊರತರಬೇಕಿತ್ತು.

ಒಳಹೊಕ್ಕಂತೆ ಹಗಲು ಹಿಂದೆ ಸರಿಯಿತು. ಸುಣ್ಣದ ಕಂಬಗಳು ಮೇಲಿನಿಂದ ಇಳಿದು, ಕೆಳಗಿನಿಂದ ಎದ್ದು, ಎಷ್ಟೋ ಯುಗಗಳಿಂದ ಒಂದನ್ನೊಂದು ಮುಟ್ಟಲು ಕಾದು ನಿಂತಂತಿದ್ದವು. ಅಲ್ಲಿ ದನಿಯೆತ್ತಲು ಮನಸ್ಸೇ ಬರುತ್ತಿರಲಿಲ್ಲ.

ಬೂದ ಮೂಗನ್ನು ನೆಲಕ್ಕೊತ್ತಿ ಓಡಿತು. ಕುಸಿದ ಬಂಡೆಗಳ ರಾಶಿಯೆದುರು ನಿಂತಿತು. ಎರಡು ಸಲ ಕೆರೆಯಿತು. ಆಮೇಲೆ ಒಂದು ಕಲ್ಲಿನ ಮೇಲೆ ಕುಳಿತು ಅವಳ ಮುಖ ನೋಡಿತು.

"ಅಗೆಯೋ ಬೂದ!" ತಮ್ಮ ಗದರಿದ. "ಊಟಕ್ಕೆ ಮಾತ್ರ ಮುಂದೆ!"

"ಬೈಬೇಡ ಕಣೋ. ತೋಳ ಆಗಿದ್ರೆ ಉಗುರು ಕಿತ್ತು ಬರೋವರೆಗೂ ಕೆರೀತಿತ್ತು. ಸಾವಿರಾರು ವರ್ಷ ನಮ್ಮ ಜೊತೆ ಬಾಳಿ ಇವುಗಳ ಮಿದುಳೇ ಬೇರೆ ಆಗಿದೆ. ಕೈಲಾಗದಿದ್ರೆ ಮನುಷ್ಯನ ಮುಖ ನೋಡ್ತವೆ."

"ಅದು ನಿನ್ನ ನೋಡ್ತಿದೆ, ನೀನು ನನ್ನ ನೋಡ್ತಿದ್ದೀಯ. ನಾನು ಯಾರನ್ನ ನೋಡ್ಲಿ ಅಕ್ಕಾ?"

ಹಾರೆ ಹಾಕಿದರು. ಬಂಡೆ ಮಿಸುಕಲಿಲ್ಲ. ಕೂಗಿದರು. ನೀರಿನ ಮೊರೆತದಲ್ಲಿ ಆಚೆಯಿಂದ ಉತ್ತರ ಬಂದರೂ ಕೇಳಿಸುವಂತಿರಲಿಲ್ಲ. ನೀರು ಮೊಣಕಾಲಿಗೆ ಬಂತು. ಹಾರೆ ಬಾಗಿತು.

ಅವಳು ಬಂಡೆಗೆ ಹಣೆಯಿಟ್ಟಳು. "ದೇವರೇ, ತಂದೇ, ದಾರಿ ಕಾಣ್ತಿಲ್ಲ." ನಾಯಿ ತನ್ನನ್ನು ನೋಡುವಂತೆಯೇ ತಾನೂ ಯಾರ ಮುಖವನ್ನೋ ಹುಡುಕುತ್ತಿದ್ದೇನೆ ಅನ್ನಿಸಿತು. ಬೇಡುವುದೊಂದು ಬಿಟ್ಟು ಇಬ್ಬರಿಗೂ ಬೇರೇನೂ ಉಳಿದಿರಲಿಲ್ಲ.

ಬೂದ ಕುಂಯ್‌ಗುಟ್ಟಿತು. ಅವಳನ್ನು ನೋಡಿತು, ಎಡಗಡೆಯ ಸಂದನ್ನು ನೋಡಿತು. ಮತ್ತೆ ಅವಳನ್ನು, ಮತ್ತೆ ಸಂದನ್ನು.

"ಲೋ, ಅದು ಬರೀ ಸಹಾಯ ಕೇಳ್ತಿಲ್ಲ, ದಾರಿ ತೋರಿಸ್ತಿದೆ! ನಾವೇ ತಪ್ಪು ಕಡೆ ಒದ್ದಾಡ್ತಿದ್ದೀವಿ!"

ಸಂದಿನಲ್ಲಿದ್ದುದು ಸಣ್ಣ ಕಲ್ಲುಗಳು. ಕೈಯಿಂದಲೇ ಕಿತ್ತರು. ಬೆರಳು ಸುಲಿದವು. ನೀರು ಸೊಂಟಕ್ಕೇರಿತು. ಒಂದು ಕಲ್ಲು ಜಾರಿತು. ಆಚೆಯಿಂದ ತಣ್ಣನೆಯ ಕೈಯೊಂದು ಅವಳ ಮಣಿಕಟ್ಟು ಹಿಡಿಯಿತು.

ಕಾಲು ಮುರಿದ ಭಾವನನ್ನು ಬೆನ್ನಿಗೆ ಕಟ್ಟಿಕೊಂಡು ತಮ್ಮ ತೆವಳಿದ, ಬಿದ್ದ, ಎದ್ದ. ಹಿಂದಿನಿಂದ ಅವಳು ತಳ್ಳಿದಳು. ಬೆಳಕಿಗೆ ಬಂದಾಗ ಗೆದ್ದೆವೆಂದು ಕುಣಿಯಲು ಯಾರಲ್ಲೂ ತ್ರಾಣವಿರಲಿಲ್ಲ. ಮೂವರಲ್ಲೂ ಉಸಿರಿತ್ತು, ಅಷ್ಟು ಸಾಕಿತ್ತು.

ಸರ್ವೆಯರ್ ನಾಯಿಯ ಒದ್ದೆ ತಲೆ ಸವರಿದ. "ಬೂದನೇ ಅಗೆದು ತೆಗೀತಾ ನನ್ನ?"

"ಎಲ್ಲಿ ಭಾವ," ತಮ್ಮ ಸುಲಿದ ಬೆರಳುಗಳ ಮೇಲೆ ಉಸಿರೂದಿಕೊಂಡ. "ಅದು ಕೂತ್ಕೊಂಡು ನಮ್ಮ ಕೈಲಿ ಅಗೆಸ್ತು."