ಕುಂತವರು ಹೌದು, ನಿಂತವರು ಅಲ್ಲ

“ಮೇಡಂ, ಏಳ್ರಿ! ನೀವು ನನ್ನ ದಸ್ತಿ ಮ್ಯಾಲ ಕುಂತೀರಿ!”

ಶೈಲಶ್ರೀ ಕಣ್ಣು ತೆರೆದಳು. ಕೆಲಸ ಮುಗಿಸಿ ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಸಂಜೆ ಗಾಡಿ ಹತ್ತಿದ್ದಳು. ಕಿಟಕಿ ಬದಿಗೆ ಒಂದು ಜಾಗ ಖಾಲಿ ಕಂಡಿತು, ಕುಸಿದು ಕೂತಳು. ಅಷ್ಟೇ ಗೊತ್ತು.

ಎದುರಿಗೆ ಕಪ್ಪು ಕೋಟನ್ನು ತೋಳಿನ ಮೇಲೆ ಹಾಕಿಕೊಂಡ ಒಬ್ಬ ಯುವಕ ನಿಂತಿದ್ದ.

“ದಸ್ತಿಗೆ ಟಿಕೀಟ್ ತಗಸೀರೇನ್ರಿ?” ಎಂದಳು. ಏಳುವ ಶಕ್ತಿ ಅವಳಿಗಿರಲಿಲ್ಲ.

“ಇದಕ್ಕ ಕಬ್ಜಾ ಅಂತಾರ. ಸೇಡಂದಾಗೇ ಕಿಟಕ್ಯಾಗಿಂದ ದಸ್ತಿ ಹಾಕೀನಿ. ನೀರು ಕುಡ್ದು ಬರೂದರಾಗ ನೀವು ಬಂದು ಕುಂತ್ರಿ. ಕಾನೂನು ಪ್ರಕಾರ…”

“ನಾ ಕೆಮಿಸ್ಟ್ರಿ ಓದೀನ್ರಿ. ಹಗುರ ವಸ್ತು ಇದ್ದಲ್ಲಿ ಭಾರದ್ದು ಬಂದ್ರ ಹಗುರದ್ದು ಜಾಗಾ ಬಿಡಬೇಕು. ಈ ಕಾನೂನು ನಿಮ್ಮದಕ್ಕಿಂತ ಹಳೇದು!”

ಸುತ್ತಲಿದ್ದವರೆಲ್ಲ ಗೊಳ್ಳನೆ ನಕ್ಕರು. ಮೇಲಿನ ಬರ್ತಿನಿಂದ ಒಬ್ಬ ಬಿಳಿ ಗಡ್ಡದವರು ತಲೆ ಇಳಿಬಿಟ್ಟು, “ವಕೀಲ ಸಾಹೇಬ್ರ, ಕೇಸ್ ಬಿದ್ದು ಹೋತು!” ಎಂದರು. ಅವರು ಬಂದೇಅಲಿ ಚಾಚಾ. ಸೇಡಂನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವರು.

ವಕೀಲನೂ ನಕ್ಕ. “ಸೋತೆ. ದಸ್ತಿ ಆದ್ರೂ ಕೊಡ್ರಿ.”

ಅವಳು ಎಳೆದು ತೆಗೆದಳು. ಮುದ್ದೆಯಾಗಿದ್ದ ಆ ಬಿಳಿ ಕರವಸ್ತ್ರಕ್ಕೆ ಅವಳ ಮೈಮೇಲಿನ ಸಿಮೆಂಟ್ ಧೂಳು ಹತ್ತಿತ್ತು. “ಒಗದು ಕೊಡ್ತೀನ್ರಿ.”

“ಬ್ಯಾಡ್ರಿ. ನಾಳಿಗಿ ಮತ್ತ ಬೇಕಾಗ್ತದ.”

ಮರುದಿನ ಅದೇ ಕಿಟಕಿ, ಅದೇ ದಸ್ತಿ. ವಕೀಲ ಮಾತ್ರ ಬಾಗಿಲ ಬಳಿ ನಿಂತಿದ್ದ. ಅವಳನ್ನು ಕಂಡದ್ದೇ ಬಂದು ದಸ್ತಿ ಎತ್ತಿದ.

“ಕುಂದ್ರಿ. ನಿನ್ನೆ ಕೇಸ್ ಸೋತೀನಲ್ಲ… ದಂಡ ಕಟ್ಟಾಕತ್ತೀನಿ.”

ಆ ದಂಡ ಮುಗಿಯಲೇ ಇಲ್ಲ!

ಅವನ ಹೆಸರು ಬೀರೇಶ. ಸೇಡಂ ಕೋರ್ಟಿನಲ್ಲಿ ವಕೀಲಿಕೆ, ಮನೆ ವಾಡಿಯಲ್ಲಿ. ಶೈಲಶ್ರೀ ಮಳಖೇಡದ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಮನೆ ಇನ್ನೂ ಮುಂದೆ, ಶಹಾಬಾದಿನಲ್ಲಿ. ದಿನವಿಡೀ ನಿಂತೇ ಕೆಲಸ ಮಾಡುವ ಹುಡುಗಿಗೆ ಆ ಕಿಟಕಿಯ ಜಾಗ ಎಂದರೆ ಏನೆಂದು ನಿಂತು ದುಡಿದವರಿಗೇ ಗೊತ್ತು.

ಬಂದೇಅಲಿ ಚಾಚಾ ಅವಳನ್ನು ವಾಟ್ಸಾಪ್ ಗ್ರೂಪಿಗೂ ಸೇರಿಸಿಕೊಂಡರು. ಹೆಸರು ‘ಸಂಜೆ ಗಾಡಿ’. ಯಾವ ಡಬ್ಬಿಯಲ್ಲಿ ಯಾರಿದ್ದರೂ ಎಲ್ಲರೂ ಅಲ್ಲಿ ಸೇರುತ್ತಿದ್ದರು. ಚಾಚಾ ದಿನಕ್ಕೊಂದು ವಿಷಯ ಹಾಕುತ್ತಿದ್ದರು. ವಾದಕ್ಕೆ ನಿಯಮ ಒಂದೇ.

ಕುಂತವರು ‘ಹೌದು’ ಅನ್ನಬೇಕು, ನಿಂತವರು ‘ಅಲ್ಲ’ ಅನ್ನಬೇಕು.

ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳುವಂತಿಲ್ಲ. “ಮನಸಿನ ಮಾತಿಗೆ ಬಡಿದಾಟ ಆಗ್ತಾವ. ಜಾಗಾದ ಮಾತಿಗೆ ಬರೇ ನಗಿ ಬರ್ತದ,” ಎನ್ನುವುದು ಚಾಚಾನ ತರ್ಕ.

‘ದಸ್ತಿಗೆ ಸೀಟಿನ ಮ್ಯಾಲ ಹಕ್ಕದ.’ ‘ಗ್ರೂಪಿನಾಗ ಹೆಬ್ಬೆಟ್ಟು ಒತ್ತಿದ್ರ ಸಹಿ ಮಾಡಿದಂಗ.’ ಒಂದು ದಿನ, ‘ಎಐ ಬಂದ ಮ್ಯಾಲೂ ವಕೀಲರು ಬೇಕು.’

ನಿಂತಿದ್ದ ಬೀರೇಶ ‘ಅಲ್ಲ’ ಎನ್ನಲೇಬೇಕಾಯಿತು. “ಬ್ಯಾಡೇ ಬ್ಯಾಡ್ರಿ! ಮಷೀನು ಫೀಸ್ ಕೇಳಂಗಿಲ್ಲ, ತಾರೀಖಿನ ಮ್ಯಾಲ ತಾರೀಖು ತಗೊಳ್ಳಂಗಿಲ್ಲ. ಅಯ್ಯೋ ಚಾಚಾ, ನನ್ನ ಹೊಟ್ಟಿ ಮ್ಯಾಲ ನಾನೇ ಹೊಡಕೊಳ್ಳಾಕತ್ತೀನಿ!”

ಕೂತಿದ್ದ ಶೈಲಶ್ರೀ ಬರೆದಳು. “ವಕೀಲರು ಬೇಕೇ ಬೇಕು. ಮಷೀನು ಸೀಟಿಗಿ ದಸ್ತಿ ಹಾಕಂಗಿಲ್ಲ.”

ಬಾಗಿಲಲ್ಲಿ ನಿಂತವನ ಕಿವಿ ಕೆಂಪಾದದ್ದು ಅವಳಿಗೆ ಕಿಟಕಿಯ ಬಳಿಯಿಂದಲೇ ಕಂಡಿತು. ಆ ದಿನದ ಆಯಾಸವೆಲ್ಲ ಎಲ್ಲಿ ಹೋಯಿತೋ!

ಆದರೆ ಅವನು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ.

ಅಷ್ಟರಲ್ಲಿ ಕಾಳಗಿಯಿಂದ ಒಂದು ಸಂಬಂಧ ಬಂತು. ಗಾಡಿ ವಾಡಿ ಸಮೀಪಿಸುತ್ತಿದ್ದಾಗ ಅವಳು ಎದ್ದು ಬಾಗಿಲ ಬಳಿ ಬಂದು ಬೀರೇಶನಿಗೆ ಹೇಳಿದಳು.

“ಆ ಹುಡುಗ ಮೊದಲನೇ ಮಾತಿಗೇ ನನ್ನ ಫೋನಿನ ಲಾಕ್ ಕೇಳ್ಯಾನ. ‘ಮುಚ್ಚಿಡೂದು ಏನದ?’ ಅಂದ.”

ಅವನು ಕೋಟನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿದ. “ನೀವೇನಂದ್ರಿ?”

“ಇನ್ನೂ ಏನೂ ಅಂದಿಲ್ಲ.”

‘ಬ್ಯಾಡ ಅನ್ರಿ… ಅಷ್ಟೇ ಹೇಳು ಮಾರಾಯ, ಎರಡು ಶಬ್ದ!’ ಅವಳ ಒಳಮನಸ್ಸು ಬೇಡುತ್ತಿತ್ತು.

“ವಿಚಾರ ಮಾಡ್ರಿ. ನಿರ್ಧಾರ ನಿಮ್ಮದು,” ಎಂದ ಬೀರೇಶ. ಗಾಡಿ ನಿಂತಿತು. ಇಳಿದು ಹೋದ.

ದಿನಾ ಊರ ಮಂದಿಯ ಪರವಾಗಿ ವಾದ ಮಾಡುವವನಿಗೆ ತನ್ನ ಪರವಾಗಿ ಒಂದು ಮಾತು ಹೊರಡಲಿಲ್ಲ.

ಅದಾಗಿ ಕೆಲವೇ ದಿನಗಳಲ್ಲಿ ಆ ಸಂಜೆ ಬಂತು.

ಲ್ಯಾಬಿನಲ್ಲಿ ಒಂದು ಕ್ಲಿಂಕರ್ ಸ್ಯಾಂಪಲ್ ಹಟ ಹಿಡಿದಿತ್ತು. ಗೂಡಿನಿಂದ ಸುಟ್ಟು ಬರುವ ಆ ಕಪ್ಪು ಗುಂಡುಗಳನ್ನು ಅರೆದರೇ ಸಿಮೆಂಟ್. ಮೊದಲ ರೀಡಿಂಗ್ ಕೆಟ್ಟದಾಗಿ ಬಂತು. ಆದರೆ ಒಂದೇ ರೀಡಿಂಗ್ ನಂಬಿ ರಿಪೋರ್ಟ್ ಕೊಡುವುದು ಅವಳ ಜಾಯಮಾನವಲ್ಲ. ಮತ್ತೆ ಮಾಡಿದಳು. ಎರಡನೆಯದು ಸರಿ ಬಂತು. ಮೂರನೆಯ ಸಲ ಮಾಡಿ, ಖಾತ್ರಿಯಾದ ಮೇಲೆ ಹೊರಟಳು.

ಲ್ಯಾಬಿನೊಳಗೆ ಫೋನ್ ಒಯ್ಯುವಂತಿರಲಿಲ್ಲ. ಲಾಕರಿನಿಂದ ಅದನ್ನು ತೆಗೆದುಕೊಂಡು ಗೇಟಿಗೆ ಬರುವಷ್ಟರಲ್ಲಿ ಗಾಡಿ ಹೊರಟ ಕೂಗು ಕೇಳಿಸಿತು.

‘ಹೋಗಲಿ, ಬಸ್ಸಿಗೆ ಹೋದರಾಯಿತು…’ ಗೇಟಿನ ಪಕ್ಕದಲ್ಲೇ ನಿಂತು ಗ್ರೂಪ್ ತೆರೆದಳು. ವಾದ ಆಗಲೇ ಕಾವೇರಿತ್ತು. ವಿಷಯ: ‘ಲಗ್ನ ಆದ ಮ್ಯಾಲ ಗಂಡ ಹೆಂಡತಿ ಫೋನಿನ ಲಾಕ್ ಒಬ್ಬರಿಗೊಬ್ಬರು ಹೇಳಬೇಕು.’

ಅವಳ ಮನೆಯ ಸಂಗತಿ ಚಾಚಾಗೆ ತಿಳಿದಿರಲಿಲ್ಲ. ಅದು ಬರೀ ಯೋಗಾಯೋಗ. ಅವಳ ಕಣ್ಣು ಬೀರೇಶನ ಹೆಸರನ್ನು ಹುಡುಕಿತು.

“ಹೇಳಲೇಬೇಕು! ಬೀಗ ಇರೂದು ಕಳ್ಳರಿಗಿ. ಮನಿಯವರಿಗಿ ಬೀಗ ಯಾಕ? ಮುಚ್ಚಿಡೂದು ಏನದ?”

ಮುಚ್ಚಿಡೂದು ಏನದ?

ಕಾಳಗಿಯವನ ಅದೇ ಮಾತು. ಅಕ್ಷರ ಸಹ ಬದಲಿಲ್ಲ!

ಬೀರೇಶ ಯಾವತ್ತೂ ನಿಲ್ಲುವವನು. ತಿಂಗಳುಗಟ್ಟಲೆ ನೋಡಿದ್ದಾಳೆ, ಒಂದು ದಿನವೂ ಕೂತವನಲ್ಲ. ನಿಂತವನು ‘ಅಲ್ಲ’ ಎನ್ನಬೇಕಿತ್ತು. ನಿಯಮ ಮುರಿದು ‘ಹೌದು’ ಎಂದಿದ್ದಾನೆ ಎಂದರೆ… ಇದು ಆಟದ ಮಾತಲ್ಲ, ಅವನ ಮನಸ್ಸಿನದು.

‘ಇವನೂ ಅಷ್ಟೇನಾ?’

ಮುಂದೆ ಓದಲಿಲ್ಲ. ಒಂದು ಮಾತೂ ಬರೆಯದೆ ಗ್ರೂಪಿನಿಂದ ಹೊರಬಂದಳು.

ರಾತ್ರಿ ಊಟದ ಹೊತ್ತಿಗೆ ಅವನ ಮೆಸೇಜ್ ಬಂತು. “ಯಾಕ ಗ್ರೂಪ್ ಬಿಟ್ರಿ? ಆರಾಮ ಇದ್ದೀರಿಲ್ಲ?”

“ಕೆಲಸ ಭಾಳ ಅದ,” ಎಂದು ಬರೆದಳು.

ಅವನು ಮತ್ತೆ ಕೇಳಲಿಲ್ಲ. ಅದು ಅವಳನ್ನು ಇನ್ನಷ್ಟು ನೋಯಿಸಿತು.

ಅಂದಿನಿಂದ ಅವಳು ಗಾಡಿಯ ಇನ್ನೊಂದು ತುದಿಯಲ್ಲಿದ್ದ ಹೆಂಗಸರ ಡಬ್ಬಿ ಹತ್ತಿದಳು. ಅಲ್ಲಿ ಜಾಗ ಸಿಗುತ್ತಿರಲಿಲ್ಲ. ಬೆಳಗಿನಿಂದ ನಿಂತ ಕಾಲುಗಳು ಶಹಾಬಾದಿನವರೆಗೂ ನಿಲ್ಲುತ್ತಿದ್ದವು.

“ಕಾಳಗಿಯವರು ಐತವಾರ ಬರ್ತೀವಿ ಅಂತಾರ ಶೈಲಾ. ಏನು ಹೇಳ್ಲಿ?” ಎಂದು ತಾಯಿ ಗುಂಡಮ್ಮ ಕೇಳಿದಾಗ ಅವಳು ತಟ್ಟೆಯಿಂದ ಕಣ್ಣೆತ್ತಲಿಲ್ಲ.

“ಬರ್ಲಿ ಅನ್ನು.”

“ಹೂಂ ಅಂದಂಗೇನು?”

“ಹೂಂ.”

“ಹೂಂ ಅನ್ನೋರ ಮಾರಿ ಹಿಂಗ ಇರ್ತದೇನವ್ವಾ?”

“ದಣಿವಾಗ್ಯದ ಅವ್ವಾ… ಎಲ್ಲಾರೂ ಅಷ್ಟೇ ಅಂದ ಮ್ಯಾಲ ಯಾರಾದ್ರೇನು?”

ದಣಿವಿಗೆ ಒಂದು ಕೆಟ್ಟ ಗುಣವಿದೆ. ನೋಡುವವರಿಗೆ ಅದು ಒಪ್ಪಿಗೆಯಂತೆ ಕಾಣುತ್ತದೆ.

ಶನಿವಾರ ಸಂಜೆ. ಗಾಡಿ ಚಿತ್ತಾಪುರದಲ್ಲಿ ನಿಂತಾಗ ಏದುಸಿರು ಬಿಡುತ್ತ ಹೆಂಗಸರ ಡಬ್ಬಿಗೆ ನೀಲಾಬಾಯಿ ಹತ್ತಿದಳು. ಚಿತ್ತಾಪುರದ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸಿ, ಅದೇ ಊರಲ್ಲಿದ್ದ ಮಗಳ ಮನೆಯಲ್ಲಿ ಹೊತ್ತು ಕಳೆದು ವಾಡಿಗೆ ಮರಳುವ ವಯಸ್ಸಾದ ಹೆಂಗಸು. ಹಳೆಯ ಡಬ್ಬಿಯಲ್ಲಿ ಶೈಲಶ್ರೀ ದಿನಾ ಸರಿದು ಅವಳಿಗೆ ಅರ್ಧ ಸೀಟು ಕೊಡುತ್ತಿದ್ದಳು.

“ಅಯ್ಯ, ಇಲ್ಲಿದ್ದೀಯೇನವ್ವಾ! ನೀ ನೌಕರಿ ಬಿಟ್ಟಿ ಅಂತ ತಿಳಿದಿದ್ದೆ. ಮತ್ತ ಆ ವಕೀಲಪ್ಪ ಯಾರಿಗಿ ದಸ್ತಿ ಹಾಕ್ಕೊಂಡು ಕಾಯ್ತಾನ?”

ಶೈಲಶ್ರೀ ಅವಳ ಕಡೆ ತಿರುಗಿದಳು. “ಏನಂದಿ ಆಯಿ?”

“ದಿನಾ ಹಾಕ್ತಾನ. ಮಂದಿ ಬೈತಾರ, ಕಿವಿಗಿ ಹಾಕ್ಕೊಳ್ಳಂಗಿಲ್ಲ. ಚಿತ್ತಾಪುರದಾಗ ನಾ ಹತ್ತಿದ ಮ್ಯಾಲ ದಸ್ತಿ ತಗದು ನನಗ ಜಾಗಾ ಕೊಡ್ತಾನ. ಇವತ್ತ ತಡ ಆಯ್ತು, ಸಿಕ್ಕ ಡಬ್ಬಿ ಹತ್ತೀನಿ.” ನೀಲಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. “ನೀ ತಪ್ಪಿದ ಮೊದಲನೇ ದಿನ ಅಂತೂ ಮಂದಿ ಜಗಳಾನೇ ತಗದ್ರಂತ. ಕಡೀಗಿ ತಾನೇ ಕುಂತುಬಿಟ್ಟಿದ್ದ, ನಿನ್ನ ಜಾಗಾದಾಗ. ಕಾವಿಗಿ ಕುಂತ ಕೋಳಿ ಹಂಗ! ನನ್ನ ನೋಡಿ ಎದ್ದ.”

“ಕುಂತಿದ್ದನಾ? ಅವತ್ತು… ಅವರು ಕುಂತಿದ್ರಾ?”

“ಕುಂತಿದ್ದ ಅಂದೆನಲ್ಲ!”

ಶೈಲಶ್ರೀ ಪಕ್ಕದ ಕಂಬಿಯನ್ನು ಬಿಗಿಯಾಗಿ ಹಿಡಿದಳು.

ಒಂದು ಮುಷ್ಟಿ ಕ್ಲಿಂಕರಿಗೆ ಮೂರು ಸಲ ಅವಕಾಶ ಕೊಟ್ಟವಳು ಅದೇ ಸಂಜೆ ಒಬ್ಬ ಮನುಷ್ಯನ ಮೇಲೆ ಒಂದೇ ರೀಡಿಂಗಿಗೆ ರಿಪೋರ್ಟ್ ಬರೆದುಬಿಟ್ಟಿದ್ದಳು!

ವಾಡಿ ಬರುವ ಮೊದಲೇ ಅವಳು ಬಾಗಿಲಿಗೆ ಬಂದು ನಿಂತಿದ್ದಳು. ಗಾಡಿ ನಿಂತಿದ್ದೇ ತಡ, ಪ್ಲಾಟ್‌ಫಾರಂ ಉದ್ದಕ್ಕೂ ಜನರನ್ನು ಸರಿಸುತ್ತ ಓಡಿದಳು. ಅವನು ಇಳಿದು, ಆ ಬಿಳಿ ಬಟ್ಟೆಯನ್ನು ಮಡಚಿ ಜೇಬಿಗೆ ಹಾಕುತ್ತಿದ್ದ.

“ವಕೀಲರ!”

ಅವನು ತಿರುಗಿದ. ಮುಖ ಅರಳಿತು, ಮರುಕ್ಷಣ ಆ ಸಂತೋಷವನ್ನು ಅಡಗಿಸಿಕೊಂಡ. “ಓ, ಮೇಡಂ. ಆರಾಮ್ರಿ?”

“ಫೋನಿನ ಲಾಕಿನ ವಾದ ಆದ ದಿನ ನೀವು ಕುಂತಿದ್ರೇನು?”

“ಹೂಂ… ಕುಂತಿದ್ದೆ.”

“ನೀವು ಎಂದೂ ಕುಂದ್ರಂಗಿಲ್ಲ!”

“ನೀವು ಎಂದೂ ಬರದೇ ಇರಂಗಿಲ್ಲ,” ಎಂದ ಬೀರೇಶ ಮೆಲ್ಲಗೆ. “ಗಾಡಿ ಮಳಖೇಡದಾಗ ಭಾಳ ಹೊತ್ತು ನಿಂತಿತ್ತು. ಮಂದಿ ದಸ್ತಿ ತಗಿ ಅಂತ ಗಂಟು ಬಿದ್ರು. ಕಡೀ ಗಳಿಗ್ಯಾಗ ಓಡಿ ಬರ್ತೀರೇನೋ ಅಂತ ನಾನೇ ಕುಂತೆ. ಅಷ್ಟರಾಗ ಚಾಚಾ ವಿಷಯ ಹಾಕಿದ್ರು, ಕುಂತವ ಹೌದು ಅನ್ನಬೇಕಾಯ್ತು…” ತಟ್ಟನೆ ನಿಲ್ಲಿಸಿದ. “ಅದಕ್ಕ ಗ್ರೂಪ್ ಬಿಟ್ರೇನು?”

ಅವಳು ಹೌದೆಂದು ತಲೆಯಾಡಿಸಿದಳು.

“ಅಯ್ಯೋ… ನೀವು ಕಾಳಗಿಯವರಿಗಿ ಹೂಂ ಅಂದೀರಿ, ಅದಕ್ಕ ದೂರ ಆದ್ರಿ ಅಂತ ನಾ ತಿಳಕೊಂಡೆ. ಚಿತ್ತಾಪುರದಾಗ ಎದ್ದು ನಿಂತ ಮ್ಯಾಲ ಮತ್ತೊಂದು ಬರದಿದ್ದೆ. ನೀವು ಓದಲೇ ಇಲ್ಲ?”

ಫೋನ್ ತೆಗೆದು, ಲಾಕ್ ತೆರೆದು ಅವಳ ಕಡೆ ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ.

“ನಿಮ್ಮ ಫೋನ್. ನೀವೇ ಓದ್ರಿ.”

ಅವನು ಓದಿದ. “ಈಗ ನಿಂತೀನಿ. ಅಲ್ಲ! ಕೇಳಿ ಇಸ್ಕೊಂಡಿದ್ದು ನಂಬಿಕಿ ಅಲ್ಲ, ಅದಕ್ಕ ಜಪ್ತಿ ಅಂತಾರ. ಯಾರಾದ್ರೂ ಒಬ್ಬಾಕಿಗಿ ಮೊದಲನೇ ಮಾತಿಗೇ ಲಾಕ್ ಕೇಳಿದ್ರ, ಆಕಿ ಅಂಥಲ್ಲಿಗಿ ಹೋಗಬಾರದು ಅಂತ ನನ್ನ ಅರ್ಜಿ.”

“ಈ ಅರ್ಜಿ ಗ್ರೂಪಿಗಿ ಹಾಕಿದ್ರಿ. ಅವತ್ತು ಬಾಗಿಲದಾಗ ನನಗ್ಯಾಕ ಹೇಳ್ಲಿಲ್ಲ?”

“ಹೆದರಿಕಿ,” ಎಂದ. ಅಷ್ಟು ಸರಳವಾಗಿ ಹೇಳಿದ್ದಕ್ಕೇ ಅವಳ ಕಣ್ಣು ತುಂಬಿತು. “ನಾ ಬ್ಯಾಡ ಅಂದ್ರ, ನೀ ಯಾರು ಅಂತ ಕೇಳ್ತೀರಿ ಅನಿಸ್ತು.”

“ಕೇಳ್ತಿದ್ದೆ. ಅದರ ಉತ್ತರಕ್ಕೇ ಕಾಯಾಕತ್ತಿದ್ದೆ.”

ಅವಳು ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕಿದಳು. ಅವನು ಗಮನಿಸಿ, ಪಕ್ಕದ ಸಿಮೆಂಟ್ ಬೆಂಚು ತೋರಿಸಿದ. “ಕುಂದ್ರಿ ಮೊದಲ. ಭಾಳ ಸೊರಗೀರಿ.”

ಅವಳು ಕೂತಳು. ಅವನು ಎದುರಿಗೆ ನಿಂತ, ಕೋರ್ಟಿನಲ್ಲಿ ನಿಲ್ಲುವ ಹಾಗೆ. ಆದರೆ ಮಾತು ಮಾತ್ರ ತಡವರಿಸಿತು.

“ಶೈಲಾ… ನನ್ನ ಲಗ್ನ ಆಗ್ತೀರೇನು?”

ಕೇಳಿದ ಮೇಲೆ ಏನೋ ನೆನಪಾಗಿ ಗಾಬರಿಗೊಂಡ. “ಇಲ್ಲ, ಇಲ್ಲ… ತಪ್ಪಾಯ್ತು! ನೀವು ಕುಂತೀರಿ. ಕುಂತವರು ಹೌದೇ ಅನ್ನಬೇಕಾಗ್ತದ. ಇದು ನ್ಯಾಯ ಅಲ್ಲ…”

ಶೈಲಶ್ರೀ ಮೆಲ್ಲಗೆ ಎದ್ದು ನಿಂತಳು.

ಬೀರೇಶನ ಮುಖ ಬಾಡಿತು. ನಿಂತವರು ಏನೆನ್ನಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ನೋಡ್ರಿ ವಕೀಲರ, ನಿಂತೀನಿ,” ಎಂದಳು ಅವಳು, ಕಣ್ಣೀರಿನ ನಡುವೆಯೇ ನಗುತ್ತ. “ಹೌದು.”

ಗಾಡಿ ಕೂಗು ಹಾಕಿ ಶಹಾಬಾದಿನ ಕಡೆಗೆ ಹೊರಟಿತು. ಅವಳು ಅದರತ್ತ ನೋಡಲೂ ಇಲ್ಲ. ಫೋನ್ ತೆಗೆದು ಅಲ್ಲಿಯೇ ತಾಯಿಗೆ ಹಚ್ಚಿದಳು.

“ಅವ್ವಾ, ನಾಳಿಗಿ ಕಾಳಗಿಯವರಿಗಿ ಬರೂದು ಬ್ಯಾಡ ಅನ್ನು… ಹೂಂ, ಖರೇನೇ… ಇಲ್ಲವ್ವಾ, ಈಗ ದಣಿವಿಲ್ಲ. ಮನಿಗಿ ಬಂದು ಎಲ್ಲಾ ಹೇಳ್ತೀನಿ.”

ಮಾತು ಮುಗಿಸಿ ನೋಡಿದರೆ, ಅವನು ಜೇಬಿನಿಂದ ದಸ್ತಿ ತೆಗೆದು ಬೆಂಚಿನ ಮೇಲೆ ಹಾಸುತ್ತಿದ್ದ.

“ಗಾಡಿ ಹೋಯ್ತಲ್ಲ, ಈಗ್ಯಾಕ ದಸ್ತಿ?”

“ಧೂಳ ಅದ. ಮುಂದಿನ ಗಾಡಿ ತನಕ ಕುಂದ್ರಬೇಕಲ್ಲ.”

“ಇಷ್ಟೇ ಇಷ್ಟು ಬಟ್ಟಿ… ಇಬ್ಬರಿಗೂ ಸಾಲಂಗಿಲ್ರಿ.”

“ಸಾಲ್ತದ,” ಎಂದ ಬೀರೇಶ, ಅವಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಳ್ಳುತ್ತ. “ನೀವು ಸ್ವಲ್ಪ ಈ ಕಡಿ ಸರೀರಿ.”