ಬಲಗೈಗೆ ಕಟ್ಟಿದ ವಾಚು

"ಇದು ಸುಳ್ಳು ಹೇಳ್ತಾ ಇದೆ" ಎನ್ನುತ್ತಾ ಅವಳು ವಾಚನ್ನು ಬಿಚ್ಚಿ ಸರ್ವಿಸ್ ಕೌಂಟರಿನ ಗಾಜಿನ ಮೇಲಿಟ್ಟಳು.

ಆಚೆ ಕುಳಿತಿದ್ದ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯಲ್ಲೇ ಅದನ್ನು ತಿರುಗಿಸಿ ನೋಡಿದ. "ಟೈಮ್ ಸರಿಯಾಗೇ ಇದೆಯಲ್ಲ ಮೇಡಂ."

"ಟೈಮಲ್ಲ, ಎದೆಬಡಿತ. ವಿಶ್ರಾಂತಿಯಲ್ಲಿದ್ದಾಗ ತೊಂಬತ್ಮೂರು ಅಂತ ತೋರಿಸುತ್ತೆ."

"ನಿಮ್ಮದು ತೊಂಬತ್ಮೂರೇ ಇರಬಹುದು."

"ನನ್ನ ಎದೆ ನನಗೆ ಗೊತ್ತಿಲ್ವೇನ್ರೀ?"

ಆಗ ಅವನು ಭೂತಗನ್ನಡಿ ತೆಗೆದು ಮೊದಲ ಸಲ ಅವಳ ಮುಖ ನೋಡಿದ. ನಗಬೇಕೋ ಬೇಡವೋ ಎಂದು ತಿಳಿಯದ ನೋಟ.

ಅವಳಿಗೆ ನಲವತ್ತೊಂದು. ಮೂರು ಬೀದಿ ಆಚೆಯ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಲೆನ್ಸ್ ಉಜ್ಜುತ್ತಿದ್ದಳು. ಅಮ್ಮ ಹೋಗಿ ಹನ್ನೊಂದು ತಿಂಗಳಾಗಿತ್ತು. ಎರಡನೇ ಮಹಡಿಯ ಎರಡು ಕೋಣೆಗಳಲ್ಲಿ ಈಗ ಅವಳೊಬ್ಬಳೇ. ಬೇರೆ ಊರಿನಲ್ಲಿದ್ದ ಅಣ್ಣ ಈ ವಾಚು ಕಳಿಸಿ, ಅದರ ಅಂಕಿಗಳೆಲ್ಲ ತನ್ನ ಫೋನಿಗೂ ಬರುವಂತೆ ಮಾಡಿದ್ದ. ದಿನಾ ತೊಂಬತ್ಮೂರು, ದಿನಾ ಅಣ್ಣನ ಫೋನು. "ಇದು ಒಂಟಿಯಾಗಿರೋದ್ರಿಂದಲೇ ಕಣೇ. ಕೆಲಸ ಬಿಟ್ಟು, ಮನೆ ಖಾಲಿ ಮಾಡಿ ಇಲ್ಲಿಗೆ ಬಾ. ನಿನ್ನ ಅತ್ತಿಗೆ ಆಗಲೇ ಮಕ್ಕಳ ಓದೋ ಕೋಣೆಯಲ್ಲಿ ನಿನಗೊಂದು ಮಂಚ ಹಾಕಿಸಿದ್ದಾಳೆ." ಡಾಕ್ಟರು ಪರೀಕ್ಷೆ ಮಾಡಿ, ಏನೂ ಕಾಣುತ್ತಿಲ್ಲ, ತಿಂಗಳ ಕೊನೆಗೆ ಸರಿಯಾದ ಅಂಕಿಗಳನ್ನು ಬರೆದುಕೊಂಡು ಬನ್ನಿ ಎಂದಿದ್ದರು. ಆ ಅಂಕಿಗಳ ಮೇಲೆ ಅವಳ ಎರಡು ಕೋಣೆ ನಿಂತಿದ್ದವು. ಅಂಗಡಿ, ಅಣ್ಣ, ಡಾಕ್ಟರು ಎಲ್ಲವನ್ನೂ ಅವಳು ಅವನಿಗೆ ಒಂದೇ ಉಸಿರಿನಲ್ಲಿ ಹೇಳಿದಳು.

ರಿಪೇರಿಯವನು ವಾಚನ್ನು ಅವಳ ಕೈಗೆ ಕಟ್ಟಿಸಿ ನೋಡಿದ. "ಬಳೆ ಥರ ಓಡಾಡ್ತಿದೆ. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಕಟ್ಟಿ. ಬಿಗಿ ಇರಲಿ, ಗುರುತು ಬೀಳೋಷ್ಟು ಬೇಡ." ವಾಚಿನ ಕೆಳಗಿನ ಹಸಿರು ದೀಪದ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದ. "ಕೈಗೆ ಕ್ರೀಮ್ ಹಚ್ತೀರಾ?"

"ನೀರಲ್ಲಿ ಕೆಲಸ. ಹಚ್ಚದಿದ್ರೆ ಚರ್ಮ ಒಡೆಯುತ್ತೆ."

"ಹಚ್ಚಿ. ಇದನ್ನ ಮಾತ್ರ ಒರೆಸ್ತಾ ಇರಿ. ಇನ್ನೊಂದು, ಬೆಳಗ್ಗೆ ಎಚ್ಚರ ಆದ್ಮೇಲೆ ಏಳೋಕೆ ಮುಂಚೆ, ಕಾಫಿಗೂ ಫೋನಿಗೂ ಮುಂಚೆ, ನಿಮ್ಮ ಬೆರಳಲ್ಲೇ ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ. ಪಕ್ಕದಲ್ಲಿ ವಾಚು ಹೇಳಿದ್ದನ್ನೂ ಬರೀರಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋ ಸೋಮಾರಿತನ ಬೇಡ."

"ನಾನು ಸೋಮಾರಿ ಥರ ಕಾಣ್ತೀನಾ?"

"ಇಲ್ಲ. ಸೋಮಾರಿ ನಾನು. ಅದಕ್ಕೇ ಉಪಾಯ ಗೊತ್ತು."

ಮನೆಯ ಮೆಟ್ಟಿಲು ಹತ್ತುವಾಗ ಆ ಮಾತು ನೆನಪಾಗಿ ಅವಳು ಒಬ್ಬಳೇ ನಕ್ಕಳು. ಆ ನಗು ಗೋಡೆಗೆ ತಾಗಿ ಅವಳಿಗೇ ವಾಪಸ್ ಕೇಳಿಸಿತು.

ಏಳು ದಿನದ ಚೀಟಿ ಹಿಡಿದು ಹೋದಳು. ಬೆರಳ ಎಣಿಕೆಯಲ್ಲಿ ಎಪ್ಪತ್ತೆರಡು, ಎಪ್ಪತ್ತು, ಎಪ್ಪತ್ತೊಂದು. ವಾಚಿನ ಲೆಕ್ಕದಲ್ಲಿ ತೊಂಬತ್ತೊಂದು, ತೊಂಬತ್ತೆರಡು. ಅವನು ಹುಬ್ಬು ಗಂಟಿಕ್ಕಿದ.

"ರಾತ್ರಿ ಕಟ್ಕೊಂಡೇ ಮಲಗ್ತೀರಾ?"

"ಇಲ್ಲ."

"ಇದು ನಿದ್ದೆ ಹೊತ್ತಿನ ಬಡಿತವನ್ನೂ ನೋಡಿ ಲೆಕ್ಕ ಹಾಕೋದು. ಅದು ಸಿಗದಿದ್ರೆ ಪಾಪ, ಹಗಲಿಂದಲೇ ಏನೋ ಹೊಂದಿಸಿಕೊಳ್ಳುತ್ತೆ. ಯಾಕೆ ಕಟ್ಕೊಳ್ಳಲ್ಲ?"

ಅವಳು ಗಾಜಿನ ಕೆಳಗೆ ಸಾಲಾಗಿ ಮಲಗಿದ್ದ ವಾಚಿನ ಪಟ್ಟಿಗಳನ್ನು ನೋಡುತ್ತಾ ಹೇಳಿದಳು: "ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ ನನ್ನ ಎಡಗೈ ಹಿಡ್ಕೊಂಡೇ ಮಲಗ್ತಿದ್ರು. ಇಲ್ಲೇ, ಮಣಿಕಟ್ಟಿನ ಹತ್ರ. ಈಗ ಅಲ್ಲಿ ಏನಾದ್ರೂ ಬಿಗಿಯಾಗಿದ್ರೆ ಅರೆನಿದ್ದೆಯಲ್ಲಿ ಅವರೇ ಅಂದ್ಕೊಂಡ್ಬಿಡ್ತೀನಿ. ಆಮೇಲೆ ಪೂರ್ತಿ ಎಚ್ಚರ ಆಗುತ್ತಲ್ಲ, ಅದು ಕಷ್ಟ."

ಹಿಂದೆ ನಿಂತ ಗಿರಾಕಿಯೊಬ್ಬರು ಕೆಮ್ಮಿದರು. ಅವನು ಅತ್ತ ನೋಡಲಿಲ್ಲ.

"ಬಲಗೈಗೆ ಕಟ್ಟಿ" ಎಂದ, ಮೆಲ್ಲಗೆ. "ಸೆಟ್ಟಿಂಗ್‌ನಲ್ಲಿ ಕೈ ಬದಲಾಯಿಸಿ ಕೊಡ್ತೀನಿ. ಎಡಗೈ ಅಮ್ಮನಿಗೇ ಇರಲಿ."

ಹನ್ನೊಂದು ತಿಂಗಳಿಂದ ಎಲ್ಲರೂ ಅವಳಿಗೆ ಮರೆತುಬಿಡು ಎಂದೇ ಹೇಳಿದ್ದರು. ಅವಳು ಹೊರಗೆ ಬಂದು ಬೀದಿಯಲ್ಲಿ ಸ್ವಲ್ಪ ಹೊತ್ತು, ಯಾವ ಕಡೆ ಹೋಗಬೇಕೆಂದು ಮರೆತವಳಂತೆ ನಿಂತಳು.

ಎರಡು ದಿನ ಬಿಟ್ಟು, ಮಧ್ಯಾಹ್ನದ ಬಿಡುವಿನಲ್ಲಿ ಅವನೇ ಕನ್ನಡಕದ ಅಂಗಡಿಗೆ ಬಂದ. "ಹಗಲಿನ ಅಂಕಿ ಯಾಕೆ ಅಷ್ಟು ಏರುತ್ತೆ ಅಂತ ತಲೆ ಕೊರೀತಿದೆ. ನೀವು ಕೆಲಸ ಮಾಡೋದನ್ನ ನೋಡ್ಬೇಕು, ಕನ್ನಡಕದವರೇ."

ಅವಳು ಲೆನ್ಸನ್ನು ತಿರುಗುವ ಚಕ್ರಕ್ಕೆ ಒತ್ತಿ ಹಿಡಿದಳು. ತಣ್ಣೀರು ಬೆರಳ ಮೇಲೆ ಸುರಿಯುತ್ತಿತ್ತು, ಮೇಜು ಗಡಗಡ ನಡುಗುತ್ತಿತ್ತು. ವಾಚಿನಲ್ಲಿ ತೊಂಬತ್ತಾರು. ಅವನು ಮೆಷಿನ್ ನಿಲ್ಲಿಸಿ, ಕೈ ಒರೆಸಿ ಬೆಚ್ಚಗೆ ಮಾಡಿಕೊಂಡು ಐದು ನಿಮಿಷ ಕೂರಲು ಹೇಳಿದ. ಎಪ್ಪತ್ನಾಲ್ಕು.

"ಅದು ನಿಮ್ಮ ಎದೆಬಡಿತ ಅಲ್ಲ ರೀ, ಮೆಷಿನ್ನಿಂದು! ಕೈ ತಣ್ಣಗಿದ್ದು ಅದುರ್ತಾ ಇದ್ರೆ ವಾಚಿಗೆ ನಾಡಿ ಸಿಗಲ್ಲ. ಉಜ್ಜೋವಾಗ ಬಿಚ್ಚಿಡಿ."

ಇಬ್ಬರೂ ಜೋರಾಗಿ ನಕ್ಕರು. ನಗು ನಿಂತ ಮೇಲೆ ಕೋಣೆ ತೀರಾ ಚಿಕ್ಕದಾಯಿತು.

"ಖಾತ್ರಿಗೆ ಒಂದು ಸಲ ನಾನು ಎಣಿಸ್ಲಾ?" ಎಂದ.

ಅವಳು ಎಡಗೈ ಚಾಚಿದಳು. ಗೊತ್ತಿದ್ದೇ ಚಾಚಿದಳು. ಅವನ ಎರಡು ಬೆರಳು ಹಗುರವಾಗಿ ಅಲ್ಲಿ ಕೂತವು. ಮೊದಲು ಅವನ ಕಣ್ಣು ಗೋಡೆ ಗಡಿಯಾರದ ಮೇಲಿತ್ತು, ಆಮೇಲೆ ಇರಲಿಲ್ಲ. ಅವನ ಒಂದು ಹುಬ್ಬಿನಲ್ಲಿ ಮೂರೇ ಬಿಳಿ ಕೂದಲಿದ್ದವು. ಅಂಗಿಯ ಮೇಲಿನ ಗುಂಡಿಯನ್ನು ಯಾರೋ, ಬಹುಶಃ ಅವನೇ, ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದ.

"ಎಷ್ಟು?"

"ಮೂವತ್ತರ ಹತ್ರ ಎಣಿಕೆ ತಪ್ಪಿಹೋಯ್ತು."

"ಮತ್ತೆ ಎಣಿಸಿ."

"ಬೇಡ. ಮತ್ತೂ ತಪ್ಪುತ್ತೆ." ಕೈಯನ್ನು ಜೇಬಿಗೆ ಹಾಕಿಕೊಂಡ.

"ನಿಮ್ಮದೆಷ್ಟು?"

"ಐವತ್ತೆಂಟು. ನಾನೂ ನನ್ನ ಹೆಂಡತಿಯೂ ಒಪ್ಪಿಕೊಂಡೇ ಬೇರೆಯಾಗಿ ಆರು ವರ್ಷ ಆಯ್ತು. ಅವತ್ತಿಂದಲೂ ಅಷ್ಟೇ ಇದೆ." ಬಾಗಿಲಲ್ಲಿ ತಿರುಗಿ ಸೇರಿಸಿದ, "ಯಾರಾದ್ರೂ ಕೇಳಿದ್ದು ಇವತ್ತೇ ಮೊದಲು."

ಬಲಗೈಯ ವಾಚು ಮಾತು ಕೇಳಿತು. ಎಪ್ಪತ್ತೊಂದು, ಎಪ್ಪತ್ತು, ಎಪ್ಪತ್ತೊಂದು. ತಿಂಗಳ ಕೊನೆಗೆ ಡಾಕ್ಟರು ಚೀಟಿ ನೋಡಿ ತಲೆಯಾಡಿಸಿದರು. ಅಣ್ಣ ಫೋನಿನಲ್ಲಿ, "ಸರಿ ಬಿಡು, ಅಲ್ಲೇ ಇರು. ಆದ್ರೂ ಫೋನ್ ಮಾತ್ರ ದಿನಾ ಮಾಡ್ತೀನಿ" ಎಂದ.

ಗೆದ್ದಿದ್ದಳು. ಮನೆ ಉಳಿಯಿತು, ಕೆಲಸ ಉಳಿಯಿತು. ಆದರೆ ಆ ಸಂಜೆ ಕಿಟಕಿಯ ಬಳಿ ಕುಳಿತಾಗ, ಗೆದ್ದ ಸುದ್ದಿ ಹೇಳಬೇಕಾದವನ ಬಳಿ ಹೋಗಲು ಈಗ ಯಾವ ನೆಪವೂ ಉಳಿದಿಲ್ಲ ಎಂದು ಹೊಳೆಯಿತು. ಕೆಡದ ವಾಚನ್ನು ಹಿಡಿದು ರಿಪೇರಿಗೆ ಹೋಗುವುದಾದರೂ ಹೇಗೆ?

ಹನ್ನೆರಡು ದಿನ ಅವಳು ಎದುರುಗಡೆಯ ಫುಟ್‌ಪಾತಿನಲ್ಲಿ ನಡೆದಳು. ಗಾಜಿನಾಚೆ ಅವನ ಬಗ್ಗಿದ ತಲೆ ಕಾಣುತ್ತಿತ್ತು. ಒಂದು ದಿನ ಅವನು ತಲೆ ಎತ್ತಿದ. ಅವಳು ಗಡಿಬಿಡಿಯಲ್ಲಿ ಪಕ್ಕದ ಚಪ್ಪಲಿ ಅಂಗಡಿಯ ಕಡೆ ತಿರುಗಿ ನಿಂತಳು.

ಹದಿಮೂರನೆಯ ದಿನ ಗಾಜಿನ ಮೇಲೆ ಕಾಗದ ಅಂಟಿತ್ತು: ಈ ಶನಿವಾರದಿಂದ ಸರ್ವಿಸ್ ಕೌಂಟರ್ ಮುಚ್ಚಲಾಗುವುದು. ಅವಳು ನೇರ ಒಳಗೆ ಹೋದಳು. ಅವನು ಸಲಕರಣೆಗಳನ್ನು ಡಬ್ಬಗಳಿಗೆ ತುಂಬುತ್ತಿದ್ದ.

"ವಾಚಿಗೇನಾಯ್ತು?"

"ಏನೂ ಆಗಿಲ್ಲ. ಬರೀ ಬಂದೆ."

ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟ. ದೊಡ್ಡ ಊರಿನ ಕಚೇರಿಗೆ ವರ್ಗ, ರೈಲಿನಲ್ಲಿ ನಾಲ್ಕು ಗಂಟೆ ದಾರಿ ಎಂದ.

"ನನಗೆ ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ವಾಚು ಸರಿಹೋದವರು ಯಾರೂ ವಾಪಸ್ ಬರಲ್ಲ. ನೀವು ದಿನಾ ಆ ಕಡೆ ಹೋಗೋದು ಕಾಣ್ತಿತ್ತು. ತಲೆ ಎತ್ತಿದ್ರೆ ದಾರಿ ಬದಲಾಯಿಸ್ತೀರೇನೋ ಅಂತ ಸುಮ್ಮನಿದ್ದೆ. ಒಂದು ದಿನ ತಡೀಲಾರದೆ ನೋಡಿದ್ರೆ ನೀವು ಕೂಸುಗಳ ಶೂ ನೋಡ್ತಾ ನಿಂತಿದ್ರಿ. ಯಾರಿಗೆ ಅಂತ ಇವತ್ತಿಗೂ ಅರ್ಥ ಆಗಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಈ ವಯಸ್ಸಲ್ಲಿ ನೀವು ನನಗೆ ಬೇಕು ಅಂತ ಹೇಗೆ ಹೇಳೋದು, ನನಗೆ ಗೊತ್ತಿರಲಿಲ್ಲ."

"ಈಗ ಹೇಳಿದ್ರಲ್ಲ" ಎಂದ. "ಅಲ್ಲಿಗೆ ಬನ್ನಿ ಅಂತ ಕರೆಯಲ್ಲ. ಇಲ್ಲಿರೋಕೆ ಅಂತ ಎಷ್ಟು ಒದ್ದಾಡಿದ್ದೀರಿ, ಕಂಡಿದ್ದೀನಿ. ಮುಂದಿನ ಭಾನುವಾರ ನಾನೇ ಬರ್ತೀನಿ. ಟ್ರೇನು ಹತ್ತಕ್ಕೆ ಬರುತ್ತೆ."

ಮುಂದಿನ ವಾರವೆಲ್ಲ ಆ ಬೀದಿಯಲ್ಲಿ ಇಳಿಸಿದ ಶಟರ್ ಮಾತ್ರ ಇತ್ತು.

ಭಾನುವಾರ ಒಂಬತ್ತೂವರೆಗೇ ಅವಳು ಪ್ಲಾಟ್‌ಫಾರ್ಮಿನಲ್ಲಿದ್ದಳು. ರೈಲು ನಲವತ್ತು ನಿಮಿಷ ತಡವಾಗಿ ಬಂತು. ಜನ ಇಳಿದರು, ಅಪ್ಪಿಕೊಂಡರು, ಚದುರಿದರು. ಅವನಿಲ್ಲ. ಅವಳು ಹೊರಡಲು ತಿರುಗಿದಾಗ, ಪ್ಲಾಟ್‌ಫಾರ್ಮಿನ ತುತ್ತತುದಿಯಿಂದ ಚೀಲ ಹೊತ್ತು ಯಾರೋ ಅರೆಓಟದಲ್ಲಿ ಬರುತ್ತಿದ್ದರು.

"ಕೊನೇ ಬೋಗಿಯಲ್ಲೇ ಜಾಗ ಸಿಕ್ಕಿದ್ದು" ಎಂದ ಏದುಸಿರು ಬಿಡುತ್ತಾ. "ಬರಲ್ಲ ಅಂದ್ಕೊಂಡ್ರಾ?"

"ಹೂಂ."

"ನಾನೂ ನೀವಿರಲ್ಲ ಅಂದ್ಕೊಂಡಿದ್ದೆ."

"ಊಟಕ್ಕೆ ಏನ್ ಮಾಡ್ಲಿ? ನಿಮಗೇನಿಷ್ಟ ಅಂತಾನೂ ನನಗೆ ಗೊತ್ತಿಲ್ಲ."

"ಆರಕ್ಕೆ ವಾಪಸ್ ಟ್ರೇನು. ಅಷ್ಟರೊಳಗೆ ಏನಾಗುತ್ತೋ ಅದೇ ಇಷ್ಟ."

"ಹಾಗಾದ್ರೆ ನಡೀರಿ, ಹೊತ್ತಾಗುತ್ತೆ" ಎಂದು ಅವಳು ಚೀಲದ ಒಂದು ಹಿಡಿಕೆಯನ್ನು ತಾನು ಹಿಡಿದುಕೊಂಡಳು. ಇನ್ನೊಂದನ್ನು ಅವನು ಬಿಡಲಿಲ್ಲ. ಒಬ್ಬರೇ ಹೊರಬಹುದಾದ ಆ ಹಗುರ ಚೀಲವನ್ನು ಇಬ್ಬರೂ ನಡುವೆ ಹಿಡಿದುಕೊಂಡು ಮೆಟ್ಟಿಲಿಳಿದರು.