ಹನ್ನೆರಡು ಹಸಿರು ಬಳೆ

"ಕರೆಂಟು ಬುಡ್ತಾರಂತೆ, ನಿಜವಾ?"

ಕೆರಗೋಡಿನಿಂದ ಮಂಡ್ಯಕ್ಕೆ ಬರುವಷ್ಟರಲ್ಲಿ ದೇವಿರಮ್ಮ ಇದನ್ನೇ ನಾಲ್ಕು ಸಲ ಕೇಳಿದ್ದಳು. ಜೊತೆಗೆ ಬಂದ ಚಿಕ್ಕಮಾದು ಅವಳ ಸೋದರತ್ತೆ ಮಗ, ಮದುವೆಯಾಗಬೇಕಾದವನು. ನಾಲ್ಕು ಸಲವೂ ಇಲ್ಲ ಅಂದಿದ್ದ. ನಂಬಿದರೆ ತಾನೇ! ಎಪ್ಪತ್ತೈದನೇ ಇಸವಿ, ಎದೆಬಡಿತ ನೋಡುವ ಆ ಆಸ್ಪತ್ರೆ ಮಷೀನು ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲ.

ಅವಳ ಅಸಲು ದಿಗಿಲು ಬೇರೆಯೇ ಇತ್ತು. ನಾಟಿ ಗದ್ದೆಯಲ್ಲಿ ಎದೆ ಡವಗುಟ್ಟಿ ಎರಡು ಸಲ ಬದುವಿನ ಮೇಲೆ ಕೂತುಬಿಟ್ಟಿದ್ದಳು. ಅತ್ತೆ ಮುಖಕ್ಕೆ ಹೊಡೆದಂತೆ ಹೇಳಿದ್ದಳು: ಮೊದಲು ಗುಂಡಿಗೆ ನೆಟ್ಟಗಿದೆಯೆಂದು ಡಾಕ್ಟರ ಚೀಟಿ ಬರಲಿ, ಚಪ್ಪರದ ಮಾತು ಆಮೇಲೆ.

ಆಸ್ಪತ್ರೆಯಲ್ಲಿ ನರ್ಸ್ ಪದ್ಮಮ್ಮ, ಇ.ಸಿ.ಜಿ. ಪಟ್ಟಿ ಕಟ್ಟಬೇಕು, ಬಳೆ ತೆಗಿ ಅಂದಳು. ಅಯ್ಯೋ ಶಿವನೇ! ಒಪ್ಪುವೀಳ್ಯದ ದಿನ ತೊಡಿಸಿದ ಹಸಿರು ಬಳೆ, ಧಾರೆಯಾಗುವವರೆಗೆ ಕೈಬಿಟ್ಟು ಇಳಿಯುವಂತಿಲ್ಲ. ದೇವಿರಮ್ಮ ನೀರು ಹಾಕಿ, ಎಳೆದು, ಒಂದೂ ಒಡೆಯದ ಹಾಗೆ ಹನ್ನೆರಡನ್ನೂ ತೆಗೆದು ಬಾಗಿಲಲ್ಲಿದ್ದ ಚಿಕ್ಕಮಾದುವಿನ ಅಂಗೈಗಿಟ್ಟಳು. ಅವನು ಬಳೆ ನೋಡಲಿಲ್ಲ, ಅವಳ ಬರಿದಾದ ಮಣಿಕಟ್ಟನ್ನೇ ನೋಡಿದ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇಲ್ಲೇ ಇರ್ತೀನಿ, ಓಗು," ಅಂದ.

ಒಳಗೆ ಕರೆಂಟೂ ಇಲ್ಲ, ಏನೂ ಇಲ್ಲ. ತಣ್ಣನೆಯ ಪಟ್ಟಿ, ಉದ್ದನೆಯ ಕಾಗದ, ಅಷ್ಟೇ. ಅದನ್ನು ಓದುವ ಡಾಕ್ಟರು ಮೈಸೂರಿನಿಂದ ಬರುವುದು ಗುರುವಾರವಂತೆ.

ಹೊರಗೆ ಬಂದರೆ ಬೆಂಚು ಖಾಲಿ. ಚಿಕ್ಕಮಾದುವೂ ಇಲ್ಲ, ಬಳೆಯೂ ಇಲ್ಲ.

ದೇವಿರಮ್ಮ ಕೂತಳು, ಎದ್ದಳು, ಗೇಟಿನವರೆಗೆ ಹೋಗಿ ಬಂದಳು. ಪದ್ಮಮ್ಮ ಅವನಿಗೇನಾದರೂ ಹೇಳಿಬಿಟ್ಟಳೇ? ಹೆದರಿ ಬಸ್ಸು ಹತ್ತಿಬಿಟ್ಟನೇ? ಹೋಗುವವನು ಬಳೆಯನ್ನಾದರೂ ಕೊಟ್ಟು ಹೋಗಬಾರದಿತ್ತೇ? ಸಿಟ್ಟು ಬಂತು, ಅಳುವೂ ಬಂತು. ಅವನಿಲ್ಲದೆ ತನಗಾಗದು ಎಂಬುದು ಆ ಖಾಲಿ ಬೆಂಚಿನ ಮುಂದೆಯೇ ಅವಳಿಗೆ ಗೊತ್ತಾದದ್ದು.

ಅಷ್ಟರಲ್ಲಿ ಬೆವರೊರೆಸುತ್ತ ಬಂದ. ಕೈಯಲ್ಲಿ ಒಂದು ಸೋಪು. ಸೋಪಿಲ್ಲದೆ ಬಳೆ ತಿರುಗಿ ಏರುವುದಿಲ್ಲವೆಂದು ಪೇಟೆಬೀದಿಗೆ ಓಡಿದ್ದನಂತೆ.

ನಲ್ಲಿಯ ಹತ್ತಿರ ಅವಳ ಕೈಗೆ ನೊರೆ ಹಚ್ಚಿ, ಉಸಿರು ಬಿಗಿಹಿಡಿದು, ಒಂದೊಂದೇ ಬಳೆ ಏರಿಸತೊಡಗಿದ.

"ಗುರ್‌ವಾರ ಗೊತ್ತಾಗ್ಲಿ, ಆಮೇಕೆ ತೊಡುಸು," ಅಂದಳು, ಕೈ ಮಾತ್ರ ಬಿಡಿಸಿಕೊಳ್ಳದೆ. "ಅತ್ತೆ ಬ್ಯಾಡ ಅಂದ್ರೆ?"

"ಅವ್ವಂಗೆ ನಾನೇಳ್ತೀನಿ. ನಿನ್ನೆದೆ ಎಂಗಾರ ಬಡ್ಕೊಳ್ಳಿ ಕಣಮ್ಮಿ, ನಮ್ಮನೇಲಿ ಬಡ್ಕೊಳ್ಳಿ."

ಹನ್ನೆರಡನೆಯದು ಏರುವಾಗ ನೋಯಿತು. ಅವಳು ಕೈ ಹಿಂದಕ್ಕೆಳೆಯಲಿಲ್ಲ.